ಮೀನಿನ ಮುಳ್ಳು, ಚರ್ಮದ ಪುಡಿ ತಿನ್ನಬಹುದಾ?

ಮೀನಿನ ಉಳಿಕೆಯಿಂದ ಪ್ರೋಟೀನ್ ಪುಡಿ ಮಾಡುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಲೇಖನ ಬಂದಿತ್ತು. ಅದನ್ನು ಓದಿ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ತಲೆ, ಮುಳ್ಳು, ಕರುಳು ಎಲ್ಲ ಕಾರ್ಖಾನೆಯವರು ಬಿಸಾಡೋ ಮಾಲು. ಅದನ್ನೇ ಪುಡಿ ಮಾಡಿ ಆರೋಗ್ಯ ಅಂತ ಮಾರಿದರೆ ನಾವು ಒಪ್ಪಬೇಕಾ? ಅದರಲ್ಲಿ ನಿಜವಾಗಿ ಪ್ರೋಟೀನ್ ಇರುತ್ತಾ? ಬಿಪಿ ಇಳಿಯುತ್ತೆ, ಮಂಡಿ ನೋವು ಹೋಗುತ್ತೆ ಅನ್ನೋದು ಎಷ್ಟು ನಿಜ? ನಮ್ಮಮ್ಮನಿಗೆ ಈಚೆಗೆ ಊಟ ಸೇರುತ್ತಿಲ್ಲ. ಅವರಿಗೆ ಕೊಡಬಹುದಾ?"

ಸಂಪಾದಕರ ಉತ್ತರ:

ಪ್ರೋಟೀನ್ ಖಂಡಿತ ಇದೆ. ಮೀನಿನಿಂದ ಮುಳ್ಳಿಲ್ಲದ ಮಾಂಸದ ಹಾಳೆಯನ್ನು, ಅಂದರೆ ಫಿಲೆಟ್ಟನ್ನು, ತೆಗೆದ ಮೇಲೆ ಹೆಚ್ಚಿನ ಜಾತಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ತೂಕ ಮೇಜಿನ ಮೇಲೆಯೇ ಉಳಿಯುತ್ತದೆ. ಬೆನ್ನುಮೂಳೆಗೆ ಅಂಟಿದ ಮಾಂಸ, ಕೆನ್ನೆಯ ಮಾಂಸ, ಹೊಟ್ಟೆಯ ಅಂಚು ಎಲ್ಲವೂ ಅದರಲ್ಲಿದೆ. ಫಿಲೆಟ್‌ನಲ್ಲಿರುವುದೂ ಇದೇ ಮಾಂಸ. ಚಾಕುವಿಗೆ ಸಿಗಲಿಲ್ಲ, ಅಷ್ಟೇ. ಈ ಉಳಿಕೆಯಲ್ಲಿ ದೊಡ್ಡ ಪಾಲು ಇವತ್ತಿಗೂ ಪ್ರಾಣಿಗಳ ಮೇವಿಗೆ ಹೋಗುತ್ತದೆ. ಜಗತ್ತಿನಲ್ಲಿ ತಯಾರಾಗುವ ಮೀನು ಹಿಟ್ಟಿನಲ್ಲಿ ಸುಮಾರು ಮೂರನೇ ಒಂದು ಭಾಗ ಬರುವುದು ಇಂಥ ಉಳಿಕೆಯಿಂದಲೇ.

ನಿಮಗೆ ಬಂದ ಅಸಹ್ಯ ಹೊಸದೇನಲ್ಲ. 1960ರ ದಶಕದಲ್ಲಿ ಅಮೆರಿಕದ ಸರ್ಕಾರ ಹಸಿವು ನೀಗಿಸಲು ಮೀನಿನ ಪ್ರೋಟೀನ್ ಪುಡಿಯ ದೊಡ್ಡ ಯೋಜನೆಗೆ ಕೈ ಹಾಕಿತ್ತು. ಹೇಕ್ ಎಂಬ ಮೀನನ್ನು ಇಡಿಯಾಗಿ ಅರೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಿ ನೀರು, ಕೊಬ್ಬು ಎರಡನ್ನೂ ತೆಗೆದು ಒಣಗಿಸುತ್ತಿದ್ದರು. ತಲೆ, ಕರುಳು ಸಮೇತ ಅರೆದದ್ದನ್ನು ಜನ ತಿನ್ನುವುದಾ ಎಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತವೇ ಮೊದಲು ತಕರಾರು ತೆಗೆಯಿತು. ಒಪ್ಪಿಗೆ ಸಿಕ್ಕಿದ್ದು 1967ರಲ್ಲಿ. ಪೋಷಣೆಯ ಲೆಕ್ಕದಲ್ಲಿ ಪುಡಿ ಚೆನ್ನಾಗಿಯೇ ಇತ್ತು. ಆದರೆ ನೀರಿನಲ್ಲಿ ಕರಗುತ್ತಿರಲಿಲ್ಲ, ಬಾಯಿಗೆ ಮರಳಿನ ಹಾಗೆ ಸಿಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಯೋಜನೆ ಮುಚ್ಚಿಹೋಯಿತು. ತಿನ್ನಲಾಗದ ಮೇಲೆ ಪೋಷಣೆ ಎಷ್ಟಿದ್ದರೇನು, ಅಲ್ವಾ?

ಈಗಿನ ಪುಡಿಯ ದಾರಿ ಬೇರೆ. ಉಳಿಕೆಯನ್ನು ಅರೆದು, ನೀರು ಸೇರಿಸಿ, 50ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ, ಪ್ರೋಟೀನ್ ಕತ್ತರಿಸುವ ಕಿಣ್ವ ಹಾಕುತ್ತಾರೆ. ಬ್ಯಾಕ್ಟೀರಿಯಾದಿಂದ ತೆಗೆದ ಆಲ್ಕಲೇಸ್ ಆಗಬಹುದು, ಪರಂಗಿ ಹಾಲಿನ ಪಪೈನ್ ಕೂಡ ಆಗಬಹುದು. ಒಂದೆರಡು ಗಂಟೆ ಕಲಕುತ್ತಿದ್ದರೆ ಉದ್ದದ ಪ್ರೋಟೀನ್‌ಗಳು ತುಂಡಾಗಿ ನೀರಿನಲ್ಲಿ ಕರಗುತ್ತವೆ. ಈ ತುಂಡುಗಳೇ ಪೆಪ್ಟೈಡ್. ಸಾಕು ಅನಿಸಿದಾಗ 85ರಿಂದ 95 ಡಿಗ್ರಿಗೆ ಏರಿಸಿ ಕಿಣ್ವದ ಕೆಲಸ ನಿಲ್ಲಿಸುತ್ತಾರೆ. ಯಂತ್ರದಲ್ಲಿ ತಿರುಗಿಸಿದಾಗ ಎಣ್ಣೆ ಮೇಲೆ, ಪೆಪ್ಟೈಡ್ ನೀರು ನಡುವೆ, ಮೂಳೆ ಮತ್ತು ಕರಗದ್ದು ಕೆಳಗೆ ನಿಲ್ಲುತ್ತದೆ. ನಡುವಿನ ನೀರನ್ನು ಬತ್ತಿಸಿ ಬಿಸಿಗಾಳಿಗೆ ಸಿಂಪಡಿಸಿದರೆ ಪುಡಿ ಸಿದ್ಧ. ಚೆನ್ನಾಗಿ ಮಾಡಿದರೆ ಅದರಲ್ಲಿ ಶೇ. 80ರಿಂದ 90ರಷ್ಟು ಪ್ರೋಟೀನ್ ಇರುತ್ತದೆ.

ತಲೆನೋವು ರುಚಿಯದು. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಅದರ ಮಡಿಕೆಯ ಒಳಗೆ ಅಡಗಿದ್ದ, ನೀರಿಗೆ ಒಗ್ಗದ ಅಮೈನೋ ಆಮ್ಲಗಳು ಕತ್ತರಿಸಿದಾಗ ಹೊರಗೆ ಬರುತ್ತವೆ. ನಾಲಿಗೆಗೆ ಅವು ಕಹಿ. ಅದಕ್ಕೇ ತುಂಡಿನ ತುದಿಯಿಂದ ಒಂದೊಂದೇ ಅಮೈನೋ ಆಮ್ಲ ಬಿಡಿಸುವ ಇನ್ನೊಂದು ಜಾತಿಯ ಕಿಣ್ವವನ್ನೂ ಸೇರಿಸುತ್ತಾರೆ. ಹಳಸಿದ ಮೀನೆಣ್ಣೆಯ ವಾಸನೆ ಮಾತ್ರ ಕಿಣ್ವಕ್ಕೆ ಬಗ್ಗುವುದಿಲ್ಲ. ಕಿವಿರು ಮತ್ತು ಬೆನ್ನುಮೂಳೆಯ ಬಳಿ ಉಳಿದ ರಕ್ತ ಎಣ್ಣೆಯನ್ನು ಬೇಗ ಕೆಡಿಸುತ್ತದೆ.

ಇಲ್ಲೇ ನಿಮ್ಮ ಪ್ರಶ್ನೆಯ ತಿರುಳಿದೆ. ಪುಡಿ ಒಳ್ಳೆಯದಾಗುತ್ತದೋ ಇಲ್ಲವೋ ಎನ್ನುವುದು ಕಿಣ್ವದ ತೊಟ್ಟಿಯಲ್ಲಿ ತೀರ್ಮಾನ ಆಗುವುದಿಲ್ಲ. ಮೀನು ಕೊಯ್ದ ಮೇಲಿನ ಮೊದಲ ಕೆಲವು ಗಂಟೆಗಳಲ್ಲಿ ಆಗುತ್ತದೆ. ಉಳಿಕೆಯನ್ನು ಫಿಲೆಟ್‌ನಷ್ಟೇ ಜೋಪಾನವಾಗಿ, ಐಸಿನಲ್ಲಿ, ತೊಳೆದ ಪೆಟ್ಟಿಗೆಯಲ್ಲಿ ಇಟ್ಟರಾ? ಅಥವಾ ನೆಲಕ್ಕೆ ತಳ್ಳಿ ಸಂಜೆ ಬಾಚಿದರಾ? ಟ್ಯೂನಾ, ಬಂಗುಡೆ, ಬೂತಾಯಿಯಂಥ ಮೀನು ತಂಪು ತಪ್ಪಿದರೆ ಬ್ಯಾಕ್ಟೀರಿಯಾಗಳು ಅದರಲ್ಲಿ ಹಿಸ್ಟಮಿನ್ ಹುಟ್ಟಿಸುತ್ತವೆ. ಅದು ಮೈ ಕೆಂಪಾಗಿಸಿ, ತಲೆನೋವು, ವಾಂತಿ ತರುವ ವಿಷ. ಕುದಿಸಿದರೂ ಒಣಗಿಸಿದರೂ ಹೋಗುವುದಿಲ್ಲ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಇಂಥ ಮೀನಿಗೆ ಕಿಲೋಗೆ 200 ಮಿಲಿಗ್ರಾಂ ಮಿತಿ ಹಾಕಿದೆ. ಕರುಳು, ಲಿವರ್‌ಗಳ ಕಥೆ ಇನ್ನೂ ಬೇರೆ. ಅವು ಎಲ್ಲಕ್ಕಿಂತ ಬೇಗ ಕೆಡುತ್ತವೆ, ಕ್ಯಾಡ್ಮಿಯಂನಂಥ ಲೋಹ ಸೇರಿಕೊಳ್ಳುವುದೂ ಮುಖ್ಯವಾಗಿ ಒಳಾಂಗಗಳಲ್ಲೇ. ಜನ ತಿನ್ನುವ ಪುಡಿಗೆ ಅವನ್ನು ಬೆರೆಸದಿರುವುದೇ ಲೇಸು ಎಂದು ನನ್ನ ಅಭಿಪ್ರಾಯ. ಅವನ್ನು ಕೆಡದ ಹಾಗೆ ಆಮ್ಲ ಹಾಕಿ ಮೇವಿಗೆ ಕಳಿಸಲಿ.

ಯುರೋಪಿಯನ್ ಒಕ್ಕೂಟದ ಕಾನೂನು ಈ ವಿಷಯದಲ್ಲಿ ಬಿಗಿ. ಇದು ಜನರ ಆಹಾರಕ್ಕಲ್ಲ ಎಂದು ಕಾರ್ಖಾನೆ ಒಮ್ಮೆ ತೀರ್ಮಾನಿಸಿದರೆ ಆ ಮಾಲು ಮತ್ತೆ ಆಹಾರವಾಗುವ ಹಾಗಿಲ್ಲ. ಎಷ್ಟು ಶುದ್ಧ ಮಾಡಿದರೂ ಇಲ್ಲ. ಈ ನಿಯಮ ನನಗೆ ಸರಿ ಅನಿಸುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ನಿಜವಾಗಿ ಬಿಸಾಡಿದ್ದನ್ನು ಪುಡಿ ಮಾಡಿದ್ದರೆ ಒಪ್ಪಬೇಡಿ. ಮೊದಲಿಂದಲೇ ಆಹಾರ ಅಂತ ಜೋಪಾನ ಮಾಡಿದ್ದಾದರೆ ಮೂಗು ಮುರಿಯಲು ಕಾರಣವಿಲ್ಲ.

ಇನ್ನು ಬಿಪಿ. ರಕ್ತನಾಳ ಬಿಗಿ ಮಾಡುವ ಎಸಿಇ ಎಂಬ ಕಿಣ್ವ ನಮ್ಮ ದೇಹದಲ್ಲಿದೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಅದನ್ನೇ ತಡೆಯುತ್ತವೆ. ಮೀನಿನ ಕೆಲವು ಪೆಪ್ಟೈಡ್‌ಗಳೂ ಪ್ರಯೋಗಾಲಯದಲ್ಲಿ ಅದನ್ನು ತಡೆಯುತ್ತವೆ, ಇದು ಸುಳ್ಳಲ್ಲ. ಆದರೆ ಬಾಟಲಿಯಲ್ಲಿ ನಡೆದದ್ದು ದೇಹದಲ್ಲೂ ನಡೆಯಬೇಕಲ್ಲ. ಹೊಟ್ಟೆಯ ಕಿಣ್ವಗಳು ಆ ತುಂಡನ್ನು ಇನ್ನಷ್ಟು ತುಂಡು ಮಾಡುತ್ತವೆ. ಬೊನಿಟೊ ಮೀನಿನ ಪೆಪ್ಟೈಡ್ ಇರುವ ಆಹಾರ ಬಿಪಿ ಸ್ವಲ್ಪ ಹೆಚ್ಚಿರುವವರಿಗೆ ಎಂದು ಹೇಳಿಕೊಳ್ಳಲು ಜಪಾನ್ ಅನುಮತಿ ಕೊಟ್ಟಿದೆ. ಅದೇ ಪೆಪ್ಟೈಡ್ ಬಗ್ಗೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ, ಪರಿಣಾಮ ಸಾಬೀತಾಗಿಲ್ಲ ಎಂದಿತು. ಎರಡು ಕಡೆ ಎರಡು ತೀರ್ಪು ಬಂದಿರುವಾಗ ಡಬ್ಬಿಯ ಮಾತು ನಂಬಿ ಮಾತ್ರೆ ಬಿಡುವುದು ಹುಚ್ಚುತನ.

ಮಂಡಿ ನೋವಿಗೆ ಹೇಳುವುದು ಕೊಲಾಜೆನ್ ಎಂಬ ಪ್ರೋಟೀನ್. ಅದು ಮೀನಿನ ಚರ್ಮ, ಹುರುಪೆ, ಮೂಳೆಯಿಂದ ಬರುತ್ತದೆ. ಯುರೋಪಿನ ಅದೇ ಪ್ರಾಧಿಕಾರ ಕೀಲಿನ ವಿಷಯದಲ್ಲೂ 2011ರಲ್ಲಿ ಸಾಬೀತಾಗಿಲ್ಲ ಎಂದಿದೆ. ನನಗೆ ಇದಕ್ಕಿಂತ ಕಸಿವಿಸಿ ತರುವುದು ಇನ್ನೊಂದು. ಕೊಲಾಜೆನ್‌ನಲ್ಲಿ ಮೂರಕ್ಕೊಂದು ಅಮೈನೋ ಆಮ್ಲ ಬರೀ ಗ್ಲೈಸಿನ್. ದೇಹಕ್ಕೆ ಬೇಕೇ ಬೇಕಾದ ಟ್ರಿಪ್ಟೊಫ್ಯಾನ್ ಸೊನ್ನೆ. ಡಬ್ಬಿಯ ಮೇಲೆ ಪ್ರೋಟೀನ್ ಶೇ. 90 ಎಂದಿದ್ದರೂ ಮಾಂಸಖಂಡ ಉಳಿಸಿಕೊಳ್ಳಲು ಅದೊಂದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ. ಮಾಂಸದ ಉಳಿಕೆಯಿಂದ ಮಾಡಿದ ಪುಡಿ, ಚರ್ಮದ ಪುಡಿ ಎರಡೂ ಒಂದೇ ಕಪಾಟಿನಲ್ಲಿ, ಹೆಚ್ಚುಕಡಿಮೆ ಒಂದೇ ಹೆಸರಿನಲ್ಲಿ ಕೂತಿರುತ್ತವೆ. ಲೇಬಲ್‌ನಲ್ಲಿ ಅಮೈನೋ ಆಮ್ಲಗಳ ಪಟ್ಟಿ ಇದ್ದರೆ ಟ್ರಿಪ್ಟೊಫ್ಯಾನ್ ಹುಡುಕಿ. ಉಪ್ಪಿನ ಅಂಶವನ್ನೂ ನೋಡಿ.

ನಿಮ್ಮ ತಾಯಿಯ ವಿಷಯ. ವಯಸ್ಸಾದವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಎಂದು ತಜ್ಞರು ಹೇಳುತ್ತಾರೆ. 50 ಕಿಲೋ ಇದ್ದರೆ 50ರಿಂದ 60 ಗ್ರಾಂ. ಹತ್ತು ಗ್ರಾಂ ಪುಡಿಯಿಂದ ಎಂಟೊಂಬತ್ತು ಗ್ರಾಂ ಸಿಗುತ್ತದೆ. ಸ್ವಲ್ಪವೇ ತಿನ್ನುವವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಕೊಡುವುದಾದರೆ ಕೊಲಾಜೆನ್ ಬೇಡ, ಮಾಂಸದ ಪ್ರೋಟೀನಿನ ಪುಡಿ ನೋಡಿ. ಮೀನು ಅಲರ್ಜಿ ಇದ್ದರೆ ಯಾವುದೂ ಬೇಡ. ಕತ್ತರಿಸಿದ ಪ್ರೋಟೀನ್ ಕೂಡ ಅಲರ್ಜಿ ಎಬ್ಬಿಸಬಲ್ಲದು. ಕಿಡ್ನಿ ತೊಂದರೆ ಇದ್ದರೆ ಎಷ್ಟು ಕೊಡಬಹುದು ಎಂದು ಅವರನ್ನು ನೋಡುತ್ತಿರುವ ವೈದ್ಯರೇ ಹೇಳಬೇಕು. ಅದಕ್ಕೂ ಮೊದಲು, ಊಟ ಯಾಕೆ ಸೇರುತ್ತಿಲ್ಲ ಅಂತ ಒಮ್ಮೆ ತೋರಿಸಿಕೊಂಡು ಬನ್ನಿ. ಹಲ್ಲುನೋವೋ, ಯಾವುದಾದರೂ ಮಾತ್ರೆಯೋ ಕಾರಣವಾಗಿದ್ದರೆ ಪುಡಿಯಿಂದ ಅದು ಸರಿಹೋಗುವುದಿಲ್ಲ.