ಪ್ರಾದೇಶಿಕ ವಿಮಾನ ಹತ್ತಿದರೆ ಮೈಲಿ, ಲೌಂಜ್ ಸಿಗುತ್ತವೆಯೇ?

ಪ್ರಶ್ನೆ: ನನ್ನ ಬಳಿ ಸ್ಟಾರ್ ಅಲಯನ್ಸ್ ಎಂಬ ವಿಮಾನ ಸಂಸ್ಥೆಗಳ ಮೈತ್ರಿಕೂಟದ ಗೋಲ್ಡ್ ಕಾರ್ಡ್ ಇದೆ. ಯುನೈಟೆಡ್‌ನಲ್ಲಿ ಟಿಕೆಟ್ ಮಾಡಿಸಿದ್ದೇನೆ. ಕೊನೆಯ ಹಾರಾಟದ ಕೆಳಗೆ ‘ಆಪರೇಟೆಡ್ ಬೈ ಸ್ಕೈವೆಸ್ಟ್’ ಎಂದು ಸಣ್ಣಕ್ಷರದಲ್ಲಿದೆ. ಮೈತ್ರಿಕೂಟದ ಸದಸ್ಯರ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಹಾಗಾದರೆ ಆ ಹಾರಾಟಕ್ಕೆ ಮೈಲಿ (ಹಾರಿದ್ದಕ್ಕೆ ಖಾತೆಗೆ ಜಮೆಯಾಗುವ ಅಂಕ), ಲೌಂಜ್, ಹೆಚ್ಚುವರಿ ಬ್ಯಾಗ್ ಯಾವುದೂ ಇಲ್ಲವೇ?

ಉತ್ತರ: ಇವೆ. ಸ್ಕೈವೆಸ್ಟ್ ಯಾವ ಮೈತ್ರಿಕೂಟಕ್ಕೂ ಸ್ವತಂತ್ರ ಸದಸ್ಯನಲ್ಲ, ನಿಜ. ಆದರೆ ನೀವು ಹತ್ತುತ್ತಿರುವುದು ‘ಯುನೈಟೆಡ್ ಎಕ್ಸ್‌ಪ್ರೆಸ್’ ಹಾರಾಟ. ಅದರ ಸಂಖ್ಯೆ ಯುಎ ಅಕ್ಷರಗಳಿಂದ ಶುರುವಾಗುತ್ತದೆ, ಟಿಕೆಟ್ ಮಾರುವುದು ಯುನೈಟೆಡ್, ವಿಮಾನದ ಮೈಮೇಲಿನ ಬಣ್ಣವೂ ಅದರದೇ. ಮೈತ್ರಿಕೂಟದ ಲೆಕ್ಕದಲ್ಲಿ ಅದು ಯುನೈಟೆಡ್‌ನ ಹಾರಾಟ.

ಈ ವ್ಯವಸ್ಥೆ ಹೀಗಿದೆ: ಅಮೆರಿಕದ ದೊಡ್ಡ ಸಂಸ್ಥೆಗಳು ಸಣ್ಣ ಊರುಗಳ ಮಾರ್ಗಗಳನ್ನು ಪ್ರಾದೇಶಿಕ ಸಂಸ್ಥೆಗಳಿಗೆ ಗುತ್ತಿಗೆ ಕೊಡುತ್ತವೆ. ವಿಮಾನ ಹಾರಿಸುವ ಪರವಾನಗಿ, ಪೈಲಟ್‌ಗಳು, ಸಿಬ್ಬಂದಿ ಪ್ರಾದೇಶಿಕ ಸಂಸ್ಥೆಯವು. ವೇಳಾಪಟ್ಟಿ, ದರ, ಟಿಕೆಟ್ ಮಾರಾಟ ದೊಡ್ಡ ಸಂಸ್ಥೆಯದು. ಹೆಚ್ಚಿನ ಒಪ್ಪಂದಗಳಲ್ಲಿ ಸೀಟು ತುಂಬಲಿ ಬಿಡಲಿ, ಹಾರಾಟಕ್ಕಿಷ್ಟು ಎಂದು ಹಣ ಕೊಡಲಾಗುತ್ತದೆ. ಹಾಗಾಗಿಯೇ ಸ್ಕೈವೆಸ್ಟ್ ಒಂದೇ ಕಾಲಕ್ಕೆ ಯುನೈಟೆಡ್, ಡೆಲ್ಟಾ, ಅಮೆರಿಕನ್, ಅಲಾಸ್ಕಾ ನಾಲ್ವರಿಗೂ ವಿಮಾನ ಹಾರಿಸುತ್ತದೆ. ಯುನೈಟೆಡ್ ಸ್ಟಾರ್ ಅಲಯನ್ಸ್‌ನಲ್ಲಿದೆ, ಡೆಲ್ಟಾ ಸ್ಕೈಟೀಮ್‌ನಲ್ಲಿ, ಅಮೆರಿಕನ್ ಮತ್ತು ಅಲಾಸ್ಕಾ ಒನ್‌ವರ್ಲ್ಡ್‌ನಲ್ಲಿ. ಒಂದೇ ಕಂಪನಿಯ ಹಾರಾಟಗಳು ಮೂರೂ ಕೂಟಗಳಿಗೆ ಹಂಚಿಹೋಗಿವೆ ಅಂದಮೇಲೆ ‘ಈ ಕಂಪನಿ ಯಾವ ಕೂಟದ್ದು?’ ಎಂದು ಕೇಳಿ ಪ್ರಯೋಜನವಿಲ್ಲ. ‘ಈ ಹಾರಾಟ ಯಾರದು?’ ಎಂದು ಕೇಳಬೇಕು.

ಒನ್‌ವರ್ಲ್ಡ್ ಇಂಥವರನ್ನು ‘ಅಫಿಲಿಯೇಟ್’ ಎಂದು ಕರೆಯುತ್ತದೆ. ಅಮೆರಿಕನ್ ಈಗಲ್ ಹೆಸರಿನಲ್ಲಿ ಹಾರುವ ಎನ್ವಾಯ್, ಪೀಡ್‌ಮಾಂಟ್, ಪಿಎಸ್‌ಎ, ಅಲಾಸ್ಕಾದ ಹೊರೈಜನ್, ಬ್ರಿಟಿಷ್ ಏರ್‌ವೇಸ್‌ನ ಸಿಟಿಫ್ಲೈಯರ್, ಜಪಾನ್ ಏರ್‌ಲೈನ್ಸ್‌ನ ಜೆ-ಏರ್ ಇವೆಲ್ಲ ಆ ಸಾಲಿನವು. ಸ್ಕೈಟೀಮ್‌ನಲ್ಲಿ ಕೆಎಲ್‌ಎಮ್ ಸಿಟಿಹಾಪರ್ ಕೂಡ ಹಾಗೆಯೇ. ಹೊಸ ಸದಸ್ಯನಂತೆ ಇವರು ಕೂಟದ ಬಾಗಿಲು ತಟ್ಟಬೇಕಿಲ್ಲ, ಮಾತೃಸಂಸ್ಥೆ ತನ್ನ ಜೊತೆ ಕರೆತರುತ್ತದೆ. ಅದು ಹೊರನಡೆದರೆ ಇವರೂ ಹೊರಗೆ. ದಕ್ಷಿಣ ಅಮೆರಿಕದ ಲಟಾಮ್ 2020ರ ಮೇ 1ರಂದು ಒನ್‌ವರ್ಲ್ಡ್ ಬಿಟ್ಟಾಗ ಅದರ ದೇಶವಾರು ಶಾಖೆಗಳೂ ಜೊತೆಗೇ ಹೋದವು. ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ 2024ರ ಸೆಪ್ಟೆಂಬರ್ 1ರಂದು ಸ್ಟಾರ್‌ನಿಂದ ಸ್ಕೈಟೀಮ್‌ಗೆ ಬಂದಾಗ ಅದರ ಪರವಾಗಿ ಹಾರುವವರ ವಿಮಾನಗಳಿಗೂ ಕೂಟ ಬದಲಾಯಿತು.

ಇನ್ನು ನಿಮ್ಮ ಕಾರ್ಡಿನ ವಿಷಯ. ಆದ್ಯತೆಯ ಚೆಕ್-ಇನ್, ಮೊದಲು ಹತ್ತುವ ಅವಕಾಶ, ತೂಕದ ಲೆಕ್ಕವಿರುವ ಕಡೆ ಹೆಚ್ಚುವರಿ 20 ಕೆಜಿ ಅಥವಾ ಎಣಿಕೆಯ ಲೆಕ್ಕವಿರುವ ಕಡೆ ಇನ್ನೊಂದು ಬ್ಯಾಗ್, ಇವು ಸ್ಟಾರ್ ಗೋಲ್ಡ್‌ನ ಸೌಲಭ್ಯಗಳು. ಲೌಂಜ್‌ನಲ್ಲಿ ಮಾತ್ರ ಒಂದು ವಿಚಿತ್ರವಿದೆ. ನಿಮ್ಮ ಗೋಲ್ಡ್ ಯುನೈಟೆಡ್‌ನ ಸ್ವಂತ ಮೈಲಿ ಯೋಜನೆ ಮೈಲೇಜ್‌ಪ್ಲಸ್‌ನಿಂದ ಬಂದಿದ್ದರೆ, ಬರೀ ಅಮೆರಿಕದ ಒಳಗಿನ ಪ್ರಯಾಣಕ್ಕೆ ಅದರ ಲೌಂಜ್ ಯುನೈಟೆಡ್ ಕ್ಲಬ್ ತೆರೆಯುವುದಿಲ್ಲ, ಅದೇ ದಿನ ಅಂತರರಾಷ್ಟ್ರೀಯ ಹಾರಾಟವೂ ಇರಬೇಕು. ಬೇರೆ ಸದಸ್ಯ ಸಂಸ್ಥೆ ಕೊಟ್ಟ ಗೋಲ್ಡ್ ಆಗಿದ್ದರೆ ಒಳನಾಡಿನ ಹಾರಾಟಕ್ಕೂ ತೆರೆಯುತ್ತದೆ. ಮನೆಯವರಿಗಿಲ್ಲದ ಊಟ ನೆಂಟರಿಗೆ! ಅಮೆರಿಕನ್‌ನಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಅಮೆರಿಕದೊಳಗೆ ಹೆಚ್ಚು ಓಡಾಡುವ ಕೆಲವರು ಬೇಕೆಂದೇ ಪರದೇಶದ ಸಂಸ್ಥೆಯ ಖಾತೆಗೆ ಮೈಲಿ ಹಾಕಿಸಿಕೊಳ್ಳುವುದು ಇದಕ್ಕಾಗಿಯೇ.

ಒಂದು ಮಾತು. 50 ಸೀಟಿನ ಸಿಆರ್‌ಜೆ-200 ಬಂದರೆ ಕಾರ್ಡ್ ಯಾವುದಿದ್ದರೂ ಗಾಲಿಯ ಕ್ಯಾಬಿನ್ ಬ್ಯಾಗ್ ತಲೆಯ ಮೇಲಿನ ಗೂಡಿಗೆ ಹಿಡಿಸುವುದಿಲ್ಲ. ಗೇಟಿನಲ್ಲಿ ಚೀಟಿ ಕಟ್ಟಿ ಕೆಳಗಿಡುತ್ತಾರೆ, ಇಳಿದ ಮೇಲೆ ಸಾಮಾನ್ಯವಾಗಿ ವಿಮಾನದ ಪಕ್ಕದಲ್ಲೇ ಕೈಗೆ ಕೊಡುತ್ತಾರೆ. ಔಷಧಿ, ಲ್ಯಾಪ್‌ಟಾಪ್, ಪಾಸ್‌ಪೋರ್ಟ್ ಮೊದಲೇ ಹೊರತೆಗೆದಿಟ್ಟುಕೊಳ್ಳಿ. ಇಡೀ ವಿಮಾನ ಒಂದೇ ದರ್ಜೆಯದಾದ್ದರಿಂದ ಅಪ್‌ಗ್ರೇಡ್‌ಗೆ ಕಾಯುವುದೂ ವ್ಯರ್ಥ.

ಪ್ರಶ್ನೆ: ಅಗ್ಗದ ದರದ ವಿಮಾನ ಸಂಸ್ಥೆ ಸ್ಕೂಟ್ ಪೂರ್ತಿ ಸಿಂಗಪುರ ಏರ್‌ಲೈನ್ಸ್‌ನದೇ ಅಲ್ಲವೇ? ಆದರೂ ನನ್ನ ಗೋಲ್ಡ್ ಕಾರ್ಡಿಗೆ ಅಲ್ಲಿ ಬೆಲೆಯೇ ಇಲ್ಲ. ಯಾಕೆ?

ಉತ್ತರ: ಒಡೆತನ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಸ್ಕೈವೆಸ್ಟ್‌ನಲ್ಲಿ ಯುನೈಟೆಡ್‌ಗೆ ಒಡೆತನವಿಲ್ಲ, ಆದರೂ ಅದು ಹಾರಿಸುವ ಯುನೈಟೆಡ್ ಎಕ್ಸ್‌ಪ್ರೆಸ್ ವಿಮಾನ ಕೂಟದ ಒಳಗೆ. ಸ್ಕೂಟ್ ನೂರಕ್ಕೆ ನೂರು ಸಿಂಗಪುರ ಏರ್‌ಲೈನ್ಸ್‌ನದು, ಆದರೂ ಹೊರಗೆ. ಲುಫ್ತಾನ್ಸಾದ ಯೂರೋವಿಂಗ್ಸ್, ಕ್ವಾಂಟಸ್‌ನ ಜೆಟ್‌ಸ್ಟಾರ್, ಏರ್ ಫ್ರಾನ್ಸ್-ಕೆಎಲ್‌ಎಮ್‌ನ ಟ್ರಾನ್ಸಾವಿಯಾ, ಏರ್ ಇಂಡಿಯಾ ಎಕ್ಸ್‌ಪ್ರೆಸ್ ಎಲ್ಲವೂ ಹೊರಗೇ. ಇನ್ನೂ ಸೋಜಿಗವೆಂದರೆ ಐಬೀರಿಯಾ ಎಕ್ಸ್‌ಪ್ರೆಸ್ ಮತ್ತು ವುಯೆಲಿಂಗ್ ಎರಡೂ ಐಎಜಿ ಎಂಬ ಒಂದೇ ಸಮೂಹದವು. ಮೊದಲನೆಯದು ಒನ್‌ವರ್ಲ್ಡ್‌ನಲ್ಲಿದೆ, ಎರಡನೆಯದು ಇಲ್ಲ.

ಕಾರಣ ಹಣದ್ದು. ಲೌಂಜ್‌ಗೆ ಬಂದ ಅತಿಥಿಗಳ ಖರ್ಚು ಸಂಸ್ಥೆಗಳ ನಡುವೆ ಲೆಕ್ಕವಾಗಿ ತೀರಬೇಕು. ಪುಕ್ಕಟೆ ಹೆಚ್ಚುವರಿ ಬ್ಯಾಗ್, ಕೊನೆಯ ಊರಿನವರೆಗೆ ಒಂದೇ ಸಲ ಲಗೇಜು ಕಳಿಸುವುದು, ಸಂಪರ್ಕ ತಪ್ಪಿದವರನ್ನು ಬೇರೆ ಸದಸ್ಯರ ವಿಮಾನಕ್ಕೆ ಹತ್ತಿಸುವುದು ಎಲ್ಲಕ್ಕೂ ಬೆಲೆಯಿದೆ. ಬ್ಯಾಗಿಗೆ, ಸೀಟಿಗೆ ಬೇರೆಬೇರೆ ದುಡ್ಡು ವಸೂಲಿ ಮಾಡಿಯೇ ಬದುಕುವ ಅಗ್ಗದ ದರದ ಸಂಸ್ಥೆಗೆ ಇದು ಹೊಂದುವುದಿಲ್ಲ.

ಮೈಲಿಯ ವಿಷಯ ಬೇರೆ. ಕೂಟದ ಹೊರಗಿದ್ದರೂ ಮಾತೃಸಂಸ್ಥೆಯ ಖಾತೆಗೆ ಮೈಲಿ ಬರಬಹುದು. ಸ್ಕೂಟ್‌ನಲ್ಲಿ ಹಾರಿ ಕ್ರಿಸ್‌ಫ್ಲೈಯರ್ ಮೈಲಿ, ಯೂರೋವಿಂಗ್ಸ್‌ನಲ್ಲಿ ಹಾರಿ ಮೈಲ್ಸ್ ಅಂಡ್ ಮೋರ್ ಮೈಲಿ ಗಳಿಸಲು ಸಾಧ್ಯ. ಅದು ಅವರವರ ಮನೆಯೊಳಗಿನ ಒಪ್ಪಂದ. ಕೂಟದ ಇನ್ನೊಂದು ಸಂಸ್ಥೆಯ ಖಾತೆ ಸಂಖ್ಯೆ ಕೊಟ್ಟರೆ ಸಾಮಾನ್ಯವಾಗಿ ಮೈಲಿಯೂ ಬರುವುದಿಲ್ಲ, ಲೌಂಜೂ ಸಿಗುವುದಿಲ್ಲ.

ಹೆಚ್ಚು ಜನ ಎಡವುವುದು ಕೋಡ್‌ಶೇರ್‌ನಲ್ಲಿ, ಅಂದರೆ ಒಬ್ಬರು ಹಾರಿಸುವ ವಿಮಾನದ ಟಿಕೆಟನ್ನು ಇನ್ನೊಬ್ಬರು ತಮ್ಮ ಸಂಖ್ಯೆಯಲ್ಲಿ ಮಾರುವ ಏರ್ಪಾಟಿನಲ್ಲಿ. ಹಾರಾಟದ ಸಂಖ್ಯೆ ಸದಸ್ಯನದು, ಹಾರಿಸುವವನು ಹೊರಗಿನವನು: ಈ ಜೋಡಿ ಕಂಡರೆ ಎಚ್ಚರ. ಒನ್‌ವರ್ಲ್ಡ್‌ನ ನಿಯಮ ಖಡಕ್ಕಾಗಿದೆ, ಟಿಕೆಟ್ ಮಾರುವವನೂ ವಿಮಾನ ಹಾರಿಸುವವನೂ ಕೂಟದವರೇ ಆಗಿರಬೇಕು. ಅಫಿಲಿಯೇಟ್ ಆಗಿದ್ದರೂ ನಡೆಯುತ್ತದೆ. ಸ್ಟಾರ್ ಲೌಂಜ್‌ಗೆ ಹಾರಿಸುವವನು ಸದಸ್ಯನಾಗಿರಬೇಕು, ಯುನೈಟೆಡ್ ಎಕ್ಸ್‌ಪ್ರೆಸ್‌ನಂಥ ಹಾರಾಟ ಸದಸ್ಯನದೇ ಎಂದು ಲೆಕ್ಕ. ಸ್ಕೈಟೀಮ್‌ನ ಮೇಲಿನ ಕಾರ್ಡ್ ಎಲೀಟ್ ಪ್ಲಸ್‌ಗೆ ಲೌಂಜ್ ಸಿಗಲು ಅದೇ ದಿನದ ಅಂತರರಾಷ್ಟ್ರೀಯ ಹಾರಾಟ ಬೇಕೆಂಬ ಷರತ್ತೂ ಇದೆ.

ಒಳಗೂ ಅಲ್ಲದ ಹೊರಗೂ ಅಲ್ಲದ ಇನ್ನೊಂದು ಜಾತಿಯಿದೆ. ಸ್ಟಾರ್‌ನ ‘ಕನೆಕ್ಟಿಂಗ್ ಪಾರ್ಟ್‌ನರ್’ ಅಂಥದ್ದು, ಚೀನಾದ ಜುನ್ಯಾವ್ 2017ರಲ್ಲಿ ಹೀಗೆ ಸೇರಿತು. ಒಂದೇ ಟಿಕೆಟ್‌ನಲ್ಲಿ ಸ್ಟಾರ್ ಸದಸ್ಯನ ಹಾರಾಟಕ್ಕೆ ಹೋಗುವಾಗ ಅಥವಾ ಅಲ್ಲಿಂದ ಬರುವಾಗ ಮಾತ್ರ ಗೋಲ್ಡ್ ಸೌಲಭ್ಯ ಸಿಗುತ್ತದೆ. ಬರೀ ಜುನ್ಯಾವ್‌ನಲ್ಲಿ ಹಾರಿದರೆ ನೀವು ಎಲ್ಲರಂತೆ ಸಾಲಿನಲ್ಲಿ.

ಪ್ರಶ್ನೆ: ಪ್ರಾದೇಶಿಕ ವಿಮಾನದಲ್ಲಿ ಹೋಗಿ ಮೂರು ವಾರವಾಯಿತು. ಉಳಿದ ಹಾರಾಟಗಳ ಮೈಲಿ ಬಂದಿದೆ, ಇದರದು ಮಾತ್ರ ಬಂದಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಬುಕಿಂಗ್ ದರ್ಜೆ ನೋಡಿ. ಟಿಕೆಟ್ ಮೇಲಿರುವ ಒಂಟಿ ಇಂಗ್ಲಿಷ್ ಅಕ್ಷರ ಅದು. ಅತ್ಯಂತ ಅಗ್ಗದ ದರ್ಜೆಗಳಿಗೆ ಎಷ್ಟೋ ಕಡೆ ಮೈಲಿಯೇ ಇಲ್ಲ. ಡೆಲ್ಟಾದ ಬೇಸಿಕ್ ಟಿಕೆಟ್‌ನ ‘ಇ’ ದರ್ಜೆ ಅಂಥದ್ದು, ಅಲ್ಲಿ ಹಾರಿಸಿದವರು ಯಾರಾದರೂ ಡೆಲ್ಟಾದ ಖಾತೆಗೆ ಫಲಿತಾಂಶ ಸೊನ್ನೆ. ಮೈಲಿ ಇದ್ದರೂ ಬೇರೆ ಸಂಸ್ಥೆಯ ಖಾತೆಗೆ ದೂರದ ಶೇಕಡಾವಾರು ಲೆಕ್ಕದಲ್ಲಿ ಬಂದರೆ, 300 ಮೈಲಿಯ ಹಾರಾಟಕ್ಕೆ 25 ಶೇಕಡಾದಂತೆ ಸಿಗುವುದು 75 ಮಾತ್ರ. ಬಂದಿದ್ದರೂ ಕಣ್ಣಿಗೆ ಬೀಳದೆ ಹೋಗಿರಬಹುದು.

ದರ್ಜೆ ಸರಿಯಿದ್ದರೆ ಖಾತೆಯಲ್ಲಿ ‘ಬಿಟ್ಟುಹೋದ ಮೈಲಿ’ಯ ಅರ್ಜಿ ತುಂಬಿ. ಬೇಕಾಗುವುದು 13 ಅಂಕಿಯ ಟಿಕೆಟ್ ಸಂಖ್ಯೆ, ಬೋರ್ಡಿಂಗ್ ಪಾಸ್, ದಿನಾಂಕ, ಹಾರಾಟ ಸಂಖ್ಯೆ. ಟಿಕೆಟ್ ಸಂಖ್ಯೆಯ ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟವರನ್ನು ಹೇಳುತ್ತದೆ: 001 ಅಮೆರಿಕನ್, 006 ಡೆಲ್ಟಾ, 016 ಯುನೈಟೆಡ್. ಅರ್ಜಿಯಲ್ಲಿ ವಿಮಾನ ಸಂಸ್ಥೆ ಯಾವುದೆಂದು ಕೇಳಿದಲ್ಲಿ ಸ್ಕೈವೆಸ್ಟ್, ರಿಪಬ್ಲಿಕ್ ಎಂದು ಹುಡುಕುತ್ತ ಕೂರಬೇಡಿ, ಆ ಪಟ್ಟಿಯಲ್ಲಿ ಅವು ಸಿಗುವುದು ಅಪರೂಪ. ಟಿಕೆಟ್ ಮೇಲಿನ ಸಂಖ್ಯೆಯ ಎರಡಕ್ಷರ ಯಾರದೋ ಅವರನ್ನು ಆರಿಸಿ. ಖಾತೆಯ ಹೆಸರೂ ಪಾಸಿನ ಹೆಸರೂ ಅಕ್ಷರಕ್ಕಕ್ಷರ ಹೊಂದಬೇಕು. ತಂದೆಯ ಹೆಸರು ಒಂದರಲ್ಲಿ ಪೂರ್ತಿ, ಇನ್ನೊಂದರಲ್ಲಿ ಇನಿಷಿಯಲ್ ಆಗಿದ್ದರೂ ಯಂತ್ರ ತಳ್ಳಿಹಾಕಬಹುದು. ಅರ್ಜಿಯ ಗಡುವು ಸಾಮಾನ್ಯವಾಗಿ 6ರಿಂದ 12 ತಿಂಗಳು.

ಹಾರಾಟ ರದ್ದಾಗಿ ಬೇರೆ ವಿಮಾನಕ್ಕೆ ಹಾಕಿದ್ದರೆ ಅದೂ ಕಾರಣವಿರಬಹುದು. ಆಗ ದರ್ಜೆಯ ಅಕ್ಷರ ಬದಲಾಗಬಹುದು, ಕೆಲವೊಮ್ಮೆ ಮೈತ್ರಿಕೂಟವೇ ಬದಲಾಗುತ್ತದೆ. ಕೂಟದ ಹೊರಗಿನವರ ವಿಮಾನದಲ್ಲಿ ಹೋದ ಮೇಲೆ ಅವರ ಕಡೆಯಿಂದ ನಿಮ್ಮ ಖಾತೆಗೆ ಏನೂ ಬರುವುದಿಲ್ಲ. ಹೀಗಾದಾಗ ಮೂಲ ಟಿಕೆಟ್ ಕೊಟ್ಟ ಸಂಸ್ಥೆಗೆ ಬರೆದು ‘ಒರಿಜಿನಲ್ ರೂಟಿಂಗ್ ಕ್ರೆಡಿಟ್’ ಕೇಳಿ. ಮೊದಲು ಕೊಂಡಿದ್ದ ಮಾರ್ಗಕ್ಕೆ ಸಿಗಬೇಕಿದ್ದ ಮೈಲಿಯನ್ನು ಕೊಡಿ ಎಂದು ಅರ್ಥ. ಸ್ವಂತ ಸದಸ್ಯರಿಗೆ ಸಂಸ್ಥೆಗಳು ಇದನ್ನು ಬಹಳ ಸಲ ಒಪ್ಪುತ್ತವೆ. ಖಾತೆ ಬೇರೆ ಸಂಸ್ಥೆಯದಾಗಿದ್ದರೆ ಕೆಲಸ ಕಷ್ಟ. ರದ್ದಾದ ಸಂದೇಶ, ಹಳೆಯ ಮತ್ತು ಹೊಸ ಟಿಕೆಟ್ ಎರಡರ ಪ್ರತಿಯನ್ನೂ ಪತ್ರಕ್ಕೆ ಲಗತ್ತಿಸಿ.