ಸಣ್ಣ ಸ್ಟಾರ್ಟಪ್ ನಡೆಸುವವರು ಬರಹದ ಮೂಲಕ ಓದುಗರನ್ನು ಗಳಿಸುವುದು ಹೇಗೆ?

ಗ್ರಾಹಕರು ಕರೆ, ಚಾಟ್, ಇಮೇಲ್‌ಗಳಲ್ಲಿ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಒಂದು ಶೀಟ್‌ಗೆ ಹಾಕುತ್ತಾ ಹೋಗಿ. 20 ಸೇರಿದರೆ ಸುಮಾರು 5 ತಿಂಗಳಿಗೆ ಸಾಕು: ವಾರಕ್ಕೊಂದು ಪ್ರಶ್ನೆ, ಅದಕ್ಕೆ ಪೂರ್ತಿ ಉತ್ತರ. ಶೀರ್ಷಿಕೆಯಲ್ಲೂ ಅವರ ಮಾತೇ ಇರಲಿ. ಗೂಗಲ್‌ನಲ್ಲಿ ಜನ ಟೈಪ್ ಮಾಡುವುದು ಅದನ್ನೇ. ಸ್ಕ್ರೀನ್‌ಶಾಟ್, ನಿಜವಾದ ಅಂಕಿ ಕೊಡಿ. ನಿಮ್ಮ ಉಪಾಯ ಎಲ್ಲಿ ಕೆಲಸ ಮಾಡುವುದಿಲ್ಲ ಎಂಬುದನ್ನೂ ಹೇಳಿ, ನಂಬಿಕೆ ಹುಟ್ಟುವುದು ಅಲ್ಲೇ.

ಹೆಚ್ಚಿನವರು ಎಡವುವುದು ಯಾರಿಗಾಗಿ ಬರೆಯಬೇಕು ಎಂಬಲ್ಲಿ. ಫಂಡಿಂಗ್, ನೇಮಕಾತಿ ಬಗ್ಗೆ ಬರೆದರೆ ಲೈಕ್ ಒತ್ತುವವರು ಬೇರೆ ಫೌಂಡರ್‌ಗಳು. ಉದಾಹರಣೆಗೆ, ನೀವು ಮಾರುವುದು ಬಿಲ್ಲಿಂಗ್ ಸಾಫ್ಟ್‌ವೇರ್ ಆದರೆ, ಅದನ್ನು ಕೊಳ್ಳಬೇಕಾದ ಅಂಗಡಿಯವರು ಇಂಥ ಬರಹ ಓದುವುದಿಲ್ಲ.

ಶುರುವಿಗೆ ಒಂದೇ ವೇದಿಕೆ ಸಾಕು. ಆದರೆ ಮೊದಲ ಬರಹದಿಂದಲೇ ಇಮೇಲ್ ನೋಂದಣಿ ಇಡಿ. ಯಾರಿಗೆ ಏನು ತೋರಿಸಬೇಕೆಂದು ನಿರ್ಧರಿಸುವ ವೇದಿಕೆಯ ಅಲ್ಗಾರಿದಮ್ ಬದಲಾದರೆ ನಿಮ್ಮ ಪೋಸ್ಟ್ ಫಾಲೋವರ್‌ಗಳಿಗೇ ಕಾಣದೆ ಹೋಗಬಹುದು, ಇಮೇಲ್ ಪಟ್ಟಿ ಮಾತ್ರ ನಿಮ್ಮ ಕೈಯಲ್ಲೇ ಇರುತ್ತದೆ. ವ್ಯೂಸ್ ಬದಲು, ಬಂದ ಮರುಪ್ರಶ್ನೆಗಳನ್ನೂ ಡೆಮೊ ಕೋರಿಕೆಗಳನ್ನೂ ಎಣಿಸಿ.