ಪ್ರತಿಕ್ರಿಯೆ: ಮುತ್ತಜ್ಜನ ಪದಕ

ಮುತ್ತಜ್ಜ ತೀರ್ಥಹಳ್ಳಿಯಿಂದ ಹೋಗಿ ಮೈಸೂರು ಸಂಸ್ಥಾನದ ಕುದುರೆ ದಳವಾದ ಮೈಸೂರು ಲ್ಯಾನ್ಸರ್ಸ್ ಸೇರಿದ್ದರು, ಮನೆಯಲ್ಲಿ ಉಳಿದಿರುವುದು ಒಂದು ಕಂಚಿನ ಪದಕ ಮಾತ್ರ, ಹುಡುಕಾಟ ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

ಪದಕದಿಂದಲೇ ಶುರು ಮಾಡಿ. ಆದರೆ ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ! ನಮ್ಮ ಮನೆಯ ಪದಕವನ್ನು ಪ್ರತಿ ದೀಪಾವಳಿಗೂ ತಿಕ್ಕಿ ತಿಕ್ಕಿ ಅಂಚಿನ ಅಕ್ಷರಗಳೇ ಸವೆದುಹೋದವು. ಆ ಸಂಕಟ ನನಗೆ ಇಂದಿಗೂ ಹೋಗಿಲ್ಲ. ಒಂದು ಬದಿಯಲ್ಲಿ ರೆಕ್ಕೆಯ ದೇವತೆ ಇದ್ದರೆ ಅದು ಮೊದಲ ಮಹಾಯುದ್ಧದ ವಿಜಯ ಪದಕ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ಅಂಚನ್ನು ನಿಧಾನವಾಗಿ ತಿರುಗಿಸಿ. ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ದಳ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಹೆಸರಿನ ಇಂಗ್ಲಿಷ್ ಕಾಗುಣಿತ ವಿಚಿತ್ರವಾಗಿರಬಹುದು, ಇದ್ದದ್ದನ್ನು ಇದ್ದಂತೆಯೇ ಬರೆದುಕೊಳ್ಳಿ.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಇರುವುದು ಮಡಿದವರ ಹೆಸರು. ಮುತ್ತಜ್ಜ ಊರಿಗೆ ಮರಳಿದ್ದರೆ ಅಲ್ಲಿ ಸಿಗುವುದಿಲ್ಲ. ಸಂಸ್ಥಾನದ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಿ. ಸಂಖ್ಯೆ ಕೈಯಲ್ಲಿದ್ದರೆ ಕೆಲಸ ಹಗುರ.

ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾದಲ್ಲಿ ಜೋಧಪುರದ ದಳದ ಜೊತೆ ಸೇರಿ ಶತ್ರುಗಳ ಮೇಲೆ ಕುದುರೆಯೇರಿ ನುಗ್ಗಿದ ದಳ. ದೆಹಲಿಯ ತೀನ್ ಮೂರ್ತಿ ಯುದ್ಧ ಸ್ಮಾರಕದ ಮೂರು ವಿಗ್ರಹಗಳಲ್ಲಿ ಒಂದು ಅವರದು. ನಮ್ಮ ಮಲೆನಾಡಿನಲ್ಲಿ ದನ ಕಾಯಲು ಹೋರಾಡಿ ಸತ್ತವನಿಗೂ ವೀರಗಲ್ಲು ನಿಲ್ಲಿಸುತ್ತಿದ್ದರು. ನಿಮ್ಮ ಮುತ್ತಜ್ಜನ ಹೆಸರು ಊರಿನಲ್ಲಿ ಎಲ್ಲೂ ಇಲ್ಲವೆಂದರೆ ಬೇಸರವಾಗುತ್ತದೆ.

ಅಂಚಿನ ಫೋಟೊ ಇಲ್ಲಿ ಹಾಕಿ, ಓದಲು ನಾನೂ ಕೂರುತ್ತೇನೆ.